ಕಿವಿ, ಚೆವಿ, ಚಕಾರ: ತಮಿಳು–ಸಂಸ್ಕೃತಗಳ ವಯಸ್ಸಿನ ಪ್ರಶ್ನೆ

ತಮಿಳು ಹಳೆಯದೋ ಸಂಸ್ಕೃತ ಹಳೆಯದೋ ಎಂಬುದು ಕೇಳುವುದಕ್ಕೆ ಒಂದೇ ಪ್ರಶ್ನೆಯಂತಿದ್ದರೂ ಅದರೊಳಗೆ ಕನಿಷ್ಠ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ. ಯಾವ ಭಾಷೆಯ ಬರಹ ಮೊದಲು ಕಲ್ಲಿನ ಮೇಲೋ ಮಡಕೆಯ ಮೇಲೋ ಕಾಣಿಸಿಕೊಂಡಿತು ಎಂಬುದು ಒಂದು. ಯಾವ ಭಾಷೆಯಲ್ಲಿ ಸಾಹಿತ್ಯ ಮೊದಲು ರಚನೆಯಾಯಿತು ಎಂಬುದು ಇನ್ನೊಂದು. ಯಾವ ಭಾಷೆ ತನ್ನ ಒಡಹುಟ್ಟಿದ ಭಾಷೆಗಳಿಂದ ಮೊದಲು ಬೇರೆಯಾಯಿತು ಎಂಬುದು ಮೂರನೆಯದು. ಯಾವ ಭಾಷಾಕುಟುಂಬದ ಬೇರು ಹೆಚ್ಚು ಆಳಕ್ಕೆ ಇಳಿದಿದೆ ಎಂಬುದು ನಾಲ್ಕನೆಯದು. ಈ ನಾಲ್ಕಕ್ಕೂ ಉತ್ತರಗಳು ಬೇರೆ ಬೇರೆ. ಮೊದಲನೆಯದಕ್ಕೆ ತಮಿಳೆಂದೂ ಎರಡನೆಯದಕ್ಕೆ ಸಂಸ್ಕೃತವೆಂದೂ ಸಾಕಷ್ಟು ಖಚಿತವಾಗಿ ಹೇಳಬಹುದು. ಉಳಿದೆರಡನ್ನು ಆ ಬಗೆಯಲ್ಲಿ ಕೇಳುವುದೇ ಸರಿಯಲ್ಲವೆಂಬುದನ್ನು ಭಾಷಾವಿಜ್ಞಾನ ತೋರಿಸಿಕೊಟ್ಟಿದೆ. ವಾದಕ್ಕಿಳಿದವರು ತಮಗೆ ಒಪ್ಪುವ ಒಂದು ಪ್ರಶ್ನೆಯ ಉತ್ತರವನ್ನು ತಂದು ಉಳಿದ ಮೂರಕ್ಕೂ ಅಂಟಿಸುವುದರಿಂದಲೇ ಈ ಚರ್ಚೆ ಇಷ್ಟು ವರ್ಷಗಳಾದರೂ ಮುಗಿದಿಲ್ಲ.

ಕನ್ನಡಿಗರು ಇದನ್ನು ದೂರ ನಿಂತು ನೋಡುವವರಲ್ಲ. ಕನ್ನಡ ಸಂಸ್ಕೃತದ ಮಗಳೆಂದು ಹೇಳಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಕಾಲ ಇತ್ತು. 2025ರ ಮೇ ತಿಂಗಳಲ್ಲಿ ಚೆನ್ನೈನ ಸಮಾರಂಭವೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದೆಂಬ ಮಾತು ಬಂದಾಗ ರಾಜ್ಯದ ಉದ್ದಗಲಕ್ಕೂ ಪ್ರತಿಭಟನೆ ನಡೆದು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಎರಡು ಮಾತುಗಳೂ ಒಂದೇ ತಪ್ಪನ್ನು ಮಾಡುತ್ತವೆ. ಅದು ಏಕೆ ತಪ್ಪೆಂಬುದನ್ನು ತೋರಿಸುವ ಅತ್ಯುತ್ತಮ ಸಾಕ್ಷಿಗಳು ದಿನವೂ ನಮ್ಮ ನಾಲಗೆಯ ಮೇಲಿರುವ ಸಾಮಾನ್ಯ ಪದಗಳಲ್ಲೇ ಇರುವುದರಿಂದ, ಈ ಚರ್ಚೆಯನ್ನು ಕನ್ನಡದ ಕಡೆಯಿಂದ ಪ್ರವೇಶಿಸುವುದು ಅಭಿಮಾನದ ಮಾತಷ್ಟೇ ಅಲ್ಲ, ಅನುಕೂಲದ ಮಾತೂ ಹೌದು.

ಮೊದಲು ಕುಟುಂಬಗಳ ವಿಚಾರ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ನಡುವಿನ ಹೋಲಿಕೆ ಆಕಸ್ಮಿಕವಾಗಿರಲಾರದೆಂದೂ, ಬಹುಶಃ ಈಗ ಉಳಿದಿರದ ಒಂದೇ ಮೂಲದಿಂದ ಅವು ಬಂದಿರಬೇಕೆಂದೂ ಹೇಳಿದರು. ಇದಾದ ಮೂವತ್ತು ವರ್ಷಗಳ ಮೇಲೆ, 1816ರಲ್ಲಿ, ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್, ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಸಾಲಾಗಿ ಇಟ್ಟು ಹೋಲಿಸಿ, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಆದ ಒಂದು ಕುಟುಂಬ ಎಂದು ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ತಮ್ಮ ತೌಲನಿಕ ವ್ಯಾಕರಣದಲ್ಲಿ ಈ ಕುಟುಂಬಕ್ಕೆ ದ್ರಾವಿಡ ಎಂಬ ಹೆಸರನ್ನು ಗಟ್ಟಿಗೊಳಿಸಿದರು. ನಮ್ಮ ವೈಯಾಕರಣರಿಗೆ ಈ ವ್ಯತ್ಯಾಸದ ಅರಿವು ಮೊದಲೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು; 13ನೇ ಶತಮಾನದ ಕೇಶಿರಾಜ ಶಬ್ದಗಳನ್ನು ತತ್ಸಮ, ತದ್ಭವ, ದೇಶ್ಯ ಎಂದು ವಿಂಗಡಿಸುವಾಗ ಸಂಸ್ಕೃತದಿಂದ ಬಂದದ್ದು ಯಾವುದು, ನಾಡಿನದ್ದು ಯಾವುದು ಎಂಬುದನ್ನೇ ಬೇರ್ಪಡಿಸುತ್ತಿದ್ದ.

ಹಾಗಾಗಿ ತಮಿಳು ಮತ್ತು ಸಂಸ್ಕೃತ ಎರಡು ಬೇರೆ ಮನೆತನಗಳಿಗೆ ಸೇರಿದ ಭಾಷೆಗಳು. ಒಂದರಿಂದ ಇನ್ನೊಂದು ಹುಟ್ಟಿತೆಂಬ ಮಾತಿಗೆ ಆಧಾರವೇ ಇಲ್ಲ. ಎರಡು, ಮೂರು, ನಾಲ್ಕು ಎಂಬ ಎಣಿಕೆಗೆ ತಮಿಳಿನಲ್ಲಿ ಇರಂಡು, ಮೂನ್ಱು, ನಾನ್ಗು ಎಂದಿದ್ದರೆ, ಸಂಸ್ಕೃತದ ದ್ವಿ, ತ್ರಿ ಎಂಬವಕ್ಕೆ ಲ್ಯಾಟಿನ್ನಿನ ದುವೋ, ತ್ರೇಸ್ ಎಂಬವು ಹತ್ತಿರವಾಗುತ್ತವೆ. ಸಂಸ್ಕೃತದಿಂದ ಎರವಲು ತಂದ ಪದಗಳನ್ನೆಲ್ಲ ಪಕ್ಕಕ್ಕಿಟ್ಟರೂ ಕನ್ನಡದ ಕೈ, ಕಾಲು, ಕಣ್ಣು, ನೀರು, ಬಾ, ಹೋಗು ಹಾಗೆಯೇ ನಿಲ್ಲುತ್ತವೆ. ಭಾಷೆಯ ಹುಟ್ಟು ಗೊತ್ತಾಗುವುದು ಇಂಥ ಪದಗಳಿಂದ ಮತ್ತು ವ್ಯಾಕರಣದಿಂದಲೇ ಹೊರತು ಎರವಲಿನ ಪ್ರಮಾಣದಿಂದಲ್ಲ.

ಈಗ ತಾಯಿ–ಮಗಳ ಪ್ರಶ್ನೆಯನ್ನು ನೋಡೋಣ. ನಾವು ಕಿವಿ ಎನ್ನುವುದನ್ನು ತಮಿಳರು ಚೆವಿ ಎನ್ನುತ್ತಾರೆ. ನಮ್ಮ ಕೆರೆಗೆ ಸಂವಾದಿಯಾದ ತಮಿಳಿನ ಚಿಱೈ ಎಂಬ ಪದಕ್ಕೆ ಕಟ್ಟೆ, ತಡೆ ಎಂಬ ಅರ್ಥಗಳಿವೆ. ತೆಲುಗಿನಲ್ಲಿ ಅದು ಚೆರುವು. ಕೆಸರು ಅಲ್ಲಿ ಚೇಱು. ಕೆಂಪಿನ ಕೆಂ ಅಲ್ಲಿ ಚೆಂ. ಹಳಗನ್ನಡದ ಗೆಯ್, ಇಂದಿಗೂ ಹೊಲದ ಗೆಯ್ಮೆ ಎಂಬ ಮಾತಿನಲ್ಲಿ ಉಳಿದಿರುವುದು, ತಮಿಳಿನಲ್ಲಿ ಚೆಯ್. ಈ ಜೋಡಿಗಳಲ್ಲಿ ಒಂದು ನಿಯಮ ಎದ್ದು ಕಾಣುತ್ತದೆ: ಇ, ಎ ಸ್ವರಗಳಿಗೆ ಮೊದಲು ಕನ್ನಡದಲ್ಲಿ ಕಕಾರ ಅಥವಾ ಗಕಾರ ಇರುವ ಕಡೆ ತಮಿಳಿನಲ್ಲಿ ಚಕಾರವಿದೆ. ಇವುಗಳಲ್ಲಿ ಮೂಲದ್ದು ಯಾವುದು? ತುಳುವಿನಲ್ಲಿ ಕೆಬಿ, ಕೊಡವ ಭಾಷೆಯಲ್ಲಿ ಕೆವಿ, ನೀಲಗಿರಿಯ ಕೋತ ಭಾಷೆಯಲ್ಲಿ ಕೆವ್ ಎಂದಿರುವುದನ್ನು ಗಮನಿಸಿದರೆ ಉತ್ತರದ ದಿಕ್ಕು ತಿಳಿಯುತ್ತದೆ. ಅದಕ್ಕಿಂತ ಬಲವಾದ ಸಾಕ್ಷ್ಯ ತಮಿಳಿನ ಒಳಗೇ ಇದೆ. ಮುಂದಿನ ವ್ಯಂಜನ ಟ, ಳ, ೞ ಮೊದಲಾದ ಮೂರ್ಧನ್ಯವಾಗಿದ್ದಲ್ಲಿ ತಮಿಳಿನಲ್ಲೂ ಕಕಾರ ಕಕಾರವಾಗಿಯೇ ಉಳಿದಿದೆ. ಕೆಡು, ಕಿಳಿ, ಕೀೞ್ ಎಂಬವು ಚೆಡು, ಚಿಳಿ, ಚೀೞ್ ಆಗಿಲ್ಲ. ಚಕಾರವೇ ಮೂಲವಾಗಿ ಕನ್ನಡ ಅದನ್ನು ಕಕಾರ ಮಾಡಿಕೊಂಡಿದ್ದರೆ ಇಂಥ ಅಚ್ಚುಕಟ್ಟಾದ ಹಂಚಿಕೆಗೆ ವಿವರಣೆಯೇ ಸಿಗುವುದಿಲ್ಲ. ನಾಲಗೆಯ ತುದಿ ಹಿಂದಕ್ಕೆ ಮಡಚುವ ಧ್ವನಿಯೊಂದು ಮುಂದೆ ಬರುವಾಗ ಕಕಾರ ಚಕಾರದ ಕಡೆಗೆ ಜಾರುವುದಕ್ಕೆ ತಡೆಯಾಯಿತು, ಉಳಿದೆಡೆ ಜಾರಿತು ಎಂದರೆ ಎಲ್ಲವೂ ಸರಿಹೊಂದುತ್ತದೆ.

ಅಂದರೆ ಎರಡು ಸಾವಿರ ವರ್ಷಗಳ ಹಿಂದಿನ ಸಂಗಂ ತಮಿಳು, ಎಂದರೆ ತಮಿಳಿನ ಅತಿ ಹಳೆಯ ಕಾವ್ಯದ ಭಾಷೆ, ಆ ವೇಳೆಗಾಗಲೇ ಕಳೆದುಕೊಂಡಿದ್ದ ಒಂದು ಹಳೆಯ ಧ್ವನಿಯನ್ನು ಇಂದು ಬೆಳಿಗ್ಗೆ ಮಗುವಿನ ಕಿವಿ ಹಿಂಡಿದ ಕನ್ನಡದ ತಾಯಿ ನಿರಾಯಾಸವಾಗಿ ಉಚ್ಚರಿಸುತ್ತಾಳೆ. ಹೊಸದಾಗಿ ಬದಲಾದ ರೂಪದಿಂದ ಬದಲಾಗದ ರೂಪ ಹುಟ್ಟಲಾರದು. ಕನ್ನಡ ತಮಿಳಿನಿಂದ ಬಂದಿಲ್ಲ ಎನ್ನುವುದಕ್ಕೆ ಘೋಷಣೆಗಳು ಬೇಕಿಲ್ಲ, ಕಿವಿಯೊಂದೇ ಸಾಕು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವೂ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಮೂಲ ದ್ರಾವಿಡದ ರೂಪ ಕೆವಿ ಎಂದು ಭಾಷಾವಿಜ್ಞಾನಿಗಳು ಪುನಾರಚಿಸಿದ್ದಾರೆ. ವ್ಯಂಜನವನ್ನು ಉಳಿಸಿಕೊಂಡದ್ದು ಕನ್ನಡ, ಸ್ವರವನ್ನು ಉಳಿಸಿಕೊಂಡದ್ದು ತಮಿಳು. ಒಂದೇ ಪುಟ್ಟ ಪದದಲ್ಲಿ ಇಬ್ಬರೂ ತಲಾ ಒಂದನ್ನು ಕಾಪಾಡಿ ಒಂದನ್ನು ಬಿಟ್ಟುಕೊಟ್ಟಿದ್ದಾರೆ. ಬೇರೆಡೆ ನೋಡಿದರೆ ತಮಿಳೇ ಹೆಚ್ಚು ಸಂಪ್ರದಾಯನಿಷ್ಠ. ಪಾಲ್, ಪುಲಿ, ಪತ್ತು ಎಂಬವನ್ನು ತಮಿಳು ಹಾಗೆಯೇ ಇಟ್ಟುಕೊಂಡಿದೆ. ಕನ್ನಡ ಸುಮಾರು 10ನೇ ಶತಮಾನದಿಂದೀಚೆಗೆ ಅವನ್ನು ಹಾಲು, ಹುಲಿ, ಹತ್ತು ಮಾಡಿಕೊಂಡಿದೆ. ತಮಿಳಿನ ವಾ, ವೇರ್ ನಮ್ಮಲ್ಲಿ ಬಾ, ಬೇರು. ಹಳಗನ್ನಡದಲ್ಲಿದ್ದ ೞಕಾರ ನಮ್ಮ ನಾಲಗೆಯಿಂದ ಮರೆಯಾಗಿ ನೂರಾರು ವರ್ಷಗಳಾದವು. ತಮಿಳು ಎಂಬ ಹೆಸರಿನ ಕೊನೆಯಲ್ಲೇ ಅದು ಇಂದಿಗೂ ಜೀವಂತವಾಗಿದೆ. ಒಡಹುಟ್ಟಿದವರು ಮನೆಯ ಪಾತ್ರೆಪಗಡೆಗಳನ್ನು ಹಂಚಿಕೊಂಡ ಹಾಗೆ ಇದೂ ನಡೆದಿದೆ.

ಸಂಸ್ಕೃತದ ವಿಷಯದಲ್ಲಿ ನಡೆದದ್ದೂ ಇದೇ, ಅದೂ ಇದೇ ಕಕಾರ–ಚಕಾರದ ಕಥೆ. ಸಂಸ್ಕೃತ ಕಲಿತವರಿಗೆಲ್ಲ ಲಿಟ್ ಲಕಾರದ, ಅಂದರೆ ಒಂದು ಬಗೆಯ ಭೂತಕಾಲದ, ಚಕಾರ (ಮಾಡಿದನು), ಚಕ್ರತುಃ, ಚಕ್ರುಃ ಎಂಬ ರೂಪಗಳು ಗೊತ್ತು. ಕೃ ಧಾತುವಿನ ಮೊದಲ ಅಕ್ಷರವನ್ನು ದ್ವಿರುಕ್ತಿ ಮಾಡಿದರೆ ಕಕಾರ ಎಂದಾಗಬೇಕಿತ್ತು. ಚಕಾರ ಎಂದೇಕೆ ಆಗುತ್ತದೆ? ಪಾಣಿನಿ ಇದನ್ನು ನಿಯಮವಾಗಿ ಹೇಳಿದ್ದಾನೆ. ಕಾರಣ ಸ್ಪಷ್ಟವಾದದ್ದು 1870ರ ದಶಕದಲ್ಲಿ. ದ್ವಿರುಕ್ತಿಯ ಸ್ವರ ಮೂಲದಲ್ಲಿ ಅಕಾರವಾಗಿರಲಿಲ್ಲ, ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಇರುವಂತೆ ಎಕಾರವಾಗಿತ್ತು. ಆ ಎಕಾರಕ್ಕೆ ಮೊದಲಿದ್ದ ಕಕಾರ ಚಕಾರವಾಯಿತು. ಆಮೇಲೆ ಎಕಾರವೇ ಅಕಾರವಾಗಿ ಬದಲಾಗಿ, ಕಾರಣ ಅಳಿದು ಪರಿಣಾಮ ಮಾತ್ರ ಉಳಿಯಿತು. ಮತ್ತು ಎಂಬರ್ಥದ ಸಂಸ್ಕೃತದ ಚ ಲ್ಯಾಟಿನ್ನಿನಲ್ಲಿ ಕ್ವೆ; ಪಂಚ ಅಲ್ಲಿ ಕ್ವಿಂಕ್ವೆ; ಅಸ್ತಿ ಗ್ರೀಕಿನಲ್ಲಿ ಎಸ್ತಿ. ಗ್ರೀಕ್, ಲ್ಯಾಟಿನ್ನುಗಳಲ್ಲಿ ಉಳಿದಿರುವ ಎಕಾರವನ್ನು ಸಂಸ್ಕೃತ ಕಳೆದುಕೊಂಡಿದೆ ಎಂದಮೇಲೆ ಅದು ಅವುಗಳ ತಾಯಿಯಾಗಲು ಸಾಧ್ಯವಿಲ್ಲ, ಹಿರಿಯ ಸೋದರಿಯಾಗಬಹುದಷ್ಟೆ. ತಮಿಳಿನ ಚೆವಿಯೂ ಸಂಸ್ಕೃತದ ಚಕಾರವೂ ಒಂದೇ ಬಗೆಯ ಧ್ವನಿಬದಲಾವಣೆಯ ಗುರುತನ್ನು ಹೊತ್ತಿವೆ. ತಮಗಿಂತ ಹಿಂದೆ ಇನ್ನೊಂದು ಭಾಷೆ ಇತ್ತೆಂಬುದನ್ನು ಎರಡೂ ತಮ್ಮ ಬಾಯಿಂದಲೇ ಹೇಳುತ್ತಿವೆ.

ಹೆಸರಿನ ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ತಮಿಳು, ಕನ್ನಡ, ತುಳು, ತೆಲುಗು, ಗೊಂಡಿ, ಕುಡುಖ್, ಬ್ರಾಹೂಯಿ ಇವೆಲ್ಲ ಯಾವ ಒಂದು ನುಡಿಯಿಂದ ಕವಲೊಡೆದವೋ ಅದನ್ನು ಮೂಲ ದ್ರಾವಿಡ ಎನ್ನುತ್ತಾರೆ. ಅದೇ ತಮಿಳು, ಅದನ್ನೇ ಹಳೆಯ ತಮಿಳೆಂದು ಕರೆಯಬೇಕು ಎಂದು ಕೆಲವರು ವಾದಿಸುವುದುಂಟು. ದ್ರಾವಿಡ, ದ್ರಮಿಡ, ಪಾಳಿಯ ದಮಿಳ ಎಂಬ ಶಬ್ದಗಳು ತಮಿಳು ಎಂಬ ಹೆಸರಿಗೇ ಸಂಬಂಧಿಸಿದವಾದ್ದರಿಂದ ಈ ವಾದ ಸಹಜವೆಂಬಂತೆ ಕಾಣುತ್ತದೆ. ಆದರೆ ಅದೇ ನ್ಯಾಯವನ್ನು ಇನ್ನೊಂದು ಕಡೆಗೂ ಅನ್ವಯಿಸಿದರೆ ಮೂಲ ಇಂಡೋ–ಯುರೋಪಿಯನ್ ಭಾಷೆಯನ್ನು ಸಂಸ್ಕೃತವೆಂದು ಕರೆಯಬೇಕಾಗುತ್ತದೆ, ಗ್ರೀಕರು ಅದನ್ನೇ ಗ್ರೀಕ್ ಎನ್ನಬಹುದು, ನಾವು ಮೂಲ ದ್ರಾವಿಡವನ್ನು ಕನ್ನಡವೆನ್ನಬಹುದು. ಸಂಸ್ಕೃತವೆಂಬ ಹೆಸರೂ ಅಷ್ಟೇ ಸಡಿಲವಾದದ್ದು. ಪಾಣಿನಿ ವೇದದ ನುಡಿಯನ್ನು ಛಂದಸ್ ಎಂದೂ ತನ್ನ ಕಾಲದ ಆಡುನುಡಿಯನ್ನು ಭಾಷಾ ಎಂದೂ ಕರೆಯುತ್ತಾನೆ. ಸಂಸ್ಕೃತ ಎಂಬ ಮಾತು ನುಡಿಗೆ ಸಂಬಂಧಿಸಿ ಕಾಣುವುದು ಆಮೇಲೆ, ರಾಮಾಯಣದ ಸುಂದರಕಾಂಡದಲ್ಲಿ, ಹನುಮಂತ ಸೀತೆಯೊಡನೆ ಯಾವ ಮಾತಿನಲ್ಲಿ ಮಾತನಾಡಲಿ ಎಂದು ಯೋಚಿಸುವಾಗ. ಪಾಣಿನೀಯ ಭಾಷೆಯನ್ನಷ್ಟೇ ಸಂಸ್ಕೃತವೆಂದರೆ ಅದರ ಕಾಲ ಕ್ರಿ.ಪೂ. 5–4ನೇ ಶತಮಾನ, ವೇದಭಾಷೆಯನ್ನೂ ಸೇರಿಸಿಕೊಂಡರೆ ಇನ್ನೂ ಸಾವಿರ ವರ್ಷ ಹಿಂದೆ. ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ವಯಸ್ಸು ಸಾವಿರ ವರ್ಷ ಹೆಚ್ಚುಕಡಿಮೆಯಾಗುತ್ತದೆ.

ಕಲ್ಲಿನ ಸಾಕ್ಷ್ಯಕ್ಕೆ ಬರೋಣ. ಭಾರತದಲ್ಲಿ ಓದಲು ಸಾಧ್ಯವಾಗಿರುವ ಮೊದಲ ದೊಡ್ಡ ಶಾಸನ ಸಮೂಹ ಅಶೋಕನದು, ಕ್ರಿ.ಪೂ. 3ನೇ ಶತಮಾನದ್ದು. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳ, ನಿಟ್ಟೂರು, ಸನ್ನತಿಗಳಲ್ಲಿ ನಾವೂ ಅವನ್ನು ಕಾಣಬಹುದು. ಅವುಗಳ ಭಾಷೆ ಪ್ರಾಕೃತ. ವಾಯವ್ಯದಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಕೂಡ ಇವೆ. ಸಂಸ್ಕೃತದಲ್ಲಿ ಒಂದು ಸಾಲೂ ಇಲ್ಲ. ಸಂಸ್ಕೃತದ ಅತಿ ಹಳೆಯ ಶಾಸನಗಳು ರಾಜಸ್ಥಾನದ ಘೋಸುಂಡಿ–ಹಾಥಿಬಾಡಾ ಮತ್ತು ಅಯೋಧ್ಯೆಯವು. ಅವುಗಳ ಕಾಲ ಸುಮಾರು ಕ್ರಿ.ಪೂ. 1ನೇ ಶತಮಾನ. ಉದ್ದವಾದ, ಕಾವ್ಯಶೈಲಿಯ ಸಂಸ್ಕೃತ ಶಾಸನ ಬೇಕೆಂದರೆ ಕ್ರಿ.ಶ. 150ರಲ್ಲಿ ರುದ್ರದಾಮನ ಜುನಾಗಢದಲ್ಲಿ ಕೆತ್ತಿಸಿದ್ದರವರೆಗೆ ಕಾಯಬೇಕು. ತಮಿಳಿನ ಮಟ್ಟಿಗೆ, ಮಧುರೆಯ ಸುತ್ತಮುತ್ತಲ ಬೆಟ್ಟಗಳ ಜೈನ ಗುಹೆಗಳಲ್ಲಿ ತಮಿಳು–ಬ್ರಾಹ್ಮಿ ಲಿಪಿಯ ಬರಹಗಳಿವೆ. ಅವು ಪ್ರಾಕೃತವೆಂದೇ ಬಹಳ ಕಾಲ ಭಾವಿಸಲಾಗಿತ್ತು, 1924ರಲ್ಲಿ ಕೆ.ವಿ. ಸುಬ್ರಹ್ಮಣ್ಯ ಅಯ್ಯರ್ ಅವು ತಮಿಳೆಂದು ತೋರಿಸಿಕೊಟ್ಟರು, ಶಾಸನತಜ್ಞ ಐರಾವತಂ ಮಹಾದೇವನ್ ದಶಕಗಳ ಕಾಲ ಆ ಗುಹೆಗಳನ್ನು ಹತ್ತಿಳಿದು ಪ್ರತಿ ಅಕ್ಷರವನ್ನೂ ಪರಿಶೀಲಿಸಿ 2003ರಲ್ಲಿ ಸಮಗ್ರ ಸಂಪುಟವನ್ನು ಹೊರತಂದರು. ಪಾಂಡ್ಯ ನೆಡುಂಚೆೞಿಯನ್ನನ ಹೆಸರಿರುವ ಮಾಂಗುಳಂ ಶಾಸನಗಳನ್ನು ಅವರು ಕ್ರಿ.ಪೂ. 2ನೇ ಶತಮಾನಕ್ಕೆ ಸೇರಿಸುತ್ತಾರೆ. ಕಲ್ಲಿನ ಮೇಲಿನ ಬರಹವೇ ಅಳತೆಗೋಲಾದರೆ ತಮಿಳು ಸಂಸ್ಕೃತಕ್ಕಿಂತ ಮುಂದಿದೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಅಂಥ ಅಳತೆಗೋಲು ಅಳೆಯುವುದು ಬರೆಯುವ ರೂಢಿಯನ್ನು, ಭಾಷೆಯನ್ನಲ್ಲ. ಅದನ್ನೇ ಪ್ರಮಾಣವೆಂದು ಒಪ್ಪಿದರೆ ಪ್ರಾಕೃತ ಸಂಸ್ಕೃತಕ್ಕಿಂತ ಹಳೆಯದಾಗುತ್ತದೆ; ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ದಿನ ಕನ್ನಡ ಹುಟ್ಟಿದಂತಾಗುತ್ತದೆ; ತುಳು ಅದಕ್ಕೂ ಎಷ್ಟೋ ಶತಮಾನಗಳ ಮೇಲೆ ಹುಟ್ಟಿದ್ದಾಗುತ್ತದೆ. ದಕ್ಷಿಣ ದ್ರಾವಿಡ ಗುಂಪಿನಲ್ಲಿ ಮೊದಲು ಕವಲೊಡೆದು ಬೇರೆಯಾದ ಭಾಷೆಗಳಲ್ಲಿ ತುಳುವೂ ಒಂದೆಂಬುದನ್ನು ಬಲ್ಲ ಯಾರೂ ಈ ಲೆಕ್ಕವನ್ನು ಒಪ್ಪಲಾರರು. ಹಲ್ಮಿಡಿ ಶಾಸನವನ್ನು ಬರೆಯಿಸಿದವರಿಗಿಂತ ನೂರಾರು ತಲೆಮಾರುಗಳ ಹಿಂದಿನಿಂದ ಕನ್ನಡದ ಪೂರ್ವರೂಪವನ್ನು ಜನ ಆಡುತ್ತಲೇ ಇದ್ದರು.

ಮಡಕೆ ಚೂರುಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಶಿವಗಂಗೈ ಜಿಲ್ಲೆಯಲ್ಲಿ, ವೈಗೈ ನದಿಯ ಹತ್ತಿರದ ಕೀೞಡಿಯಲ್ಲಿ ನಡೆದ ಉತ್ಖನನಗಳು ಇಟ್ಟಿಗೆಯ ಕಟ್ಟಡಗಳನ್ನೂ ಆದನ್ ಮೊದಲಾದ ಹೆಸರುಗಳನ್ನು ಗೀಚಿದ ಮಡಕೆ ಚೂರುಗಳನ್ನೂ ಹೊರತೆಗೆದಿವೆ. ಅಲ್ಲಿ 353 ಸೆಂಟಿಮೀಟರ್ ಆಳದಲ್ಲಿ ಸಿಕ್ಕ ಒಂದು ಮಾದರಿಯ ಇಂಗಾಲ ಕಾಲಗಣನೆ ಕ್ರಿ.ಪೂ. 580 ಎಂದು ಬಂದಿತೆಂದು ತಮಿಳುನಾಡು ಪುರಾತತ್ವ ಇಲಾಖೆ 2019ರ ವರದಿಯಲ್ಲಿ ತಿಳಿಸಿತು. ಇದು ದಕ್ಷಿಣ ಭಾರತದ ನಗರಜೀವನದ ಚರಿತ್ರೆಗೆ ಅಮೂಲ್ಯವಾದ ಸಂಗತಿ, ನಾವೂ ಹೆಮ್ಮೆಪಡಬೇಕಾದದ್ದು. ಆದರೆ ಪ್ರಯೋಗಾಲಯ ಕಾಲವನ್ನು ಹೇಳುವುದು ಇದ್ದಿಲಿನ ತುಂಡಿಗೆ. ಅದೇ ಪದರದಲ್ಲಿರುವ ಬರಹಕ್ಕೂ ಅದೇ ಕಾಲವೇ ಎಂಬುದನ್ನು ಪದರಗಳ ಕ್ರಮದಿಂದ ನಿರ್ಧರಿಸಬೇಕು, ಅಲ್ಲಿಯೇ ವಿದ್ವಾಂಸರ ಭಿನ್ನಾಭಿಪ್ರಾಯವಿರುವುದು. ಕಾಲ ಇತ್ಯರ್ಥವಾದರೂ ಅದು ತಿಳಿಸುವುದು ತಮಿಳರು ಯಾವಾಗ ಬರೆಯಲು ಕಲಿತರೆಂಬುದನ್ನೇ ಹೊರತು ಯಾವಾಗ ಮಾತನಾಡತೊಡಗಿದರೆಂಬುದನ್ನಲ್ಲ.

ಸಾಹಿತ್ಯದ ಪ್ರಶ್ನೆಯಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಋಗ್ವೇದದ 1028 ಸೂಕ್ತಗಳ ಹೆಚ್ಚಿನ ಭಾಗ ಸುಮಾರು ಕ್ರಿ.ಪೂ. 1500ರಿಂದ 1200ರ ನಡುವೆ ರಚನೆಯಾಯಿತೆಂಬುದು ಬಹುಪಾಲು ಭಾಷಾವಿಜ್ಞಾನಿಗಳ ಅಭಿಪ್ರಾಯ. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿರುವ ಋಗ್ವೇದ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯದು 1464ರದು. ಹಾಗಿದ್ದಮೇಲೆ ಮೂರು ಸಾವಿರ ವರ್ಷಗಳ ಮಾತನ್ನು ಹೇಗೆ ನಂಬುವುದೆಂದು ಕೇಳುವವರಿದ್ದಾರೆ. ಈ ಸಂದೇಹಕ್ಕೆ ಉತ್ತರ ಪಾಠಕ್ರಮದಲ್ಲಿದೆ. ಸಂಹಿತೆಯನ್ನು ಪದಪಾಠವಾಗಿ ಬಿಡಿಸಿ, ಕ್ರಮ, ಜಟಾ, ಘನ ಎಂಬ ಕ್ರಮಗಳಲ್ಲಿ ಪದಗಳನ್ನು ಹಿಂದುಮುಂದಾಗಿ ಹೆಣೆದು ಬಾಯಿಪಾಠ ಮಾಡಿಸುವ ಪದ್ಧತಿಯಲ್ಲಿ ಒಂದು ಅಕ್ಷರ ತಪ್ಪಿದರೂ ಹೆಣಿಗೆಯೇ ಕೆಡುತ್ತದೆ. ಅರ್ಥ ಮರೆತುಹೋದ ಪದಗಳನ್ನೂ, ಆಡುಮಾತಿನಿಂದ ಅಳಿದ ಸ್ವರಗಳ ಏರಿಳಿತವನ್ನೂ ಈ ಪಾಠಕರು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ದಾಟಿಸಿದ್ದಾರೆ. ಮನುಷ್ಯನ ನೆನಪು ಇಷ್ಟು ನಿಷ್ಠೆಯಿಂದ ದುಡಿದದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಕಾಲವನ್ನು ಗಟ್ಟಿಮಾಡುವ ಹೊರಗಿನ ಸಾಕ್ಷ್ಯವೂ ಇದೆ, ಅದು ಸಿಕ್ಕಿದ್ದು ಭಾರತದಿಂದ ಬಹು ದೂರದಲ್ಲಿ. ಇಂದಿನ ಟರ್ಕಿಯ ಬೋಗಜ್‌ಕೋಯ್, ಹಿಂದೆ ಹಿಟ್ಟೈಟರ ರಾಜಧಾನಿ. ಅಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿ ಹಿಟ್ಟೈಟರಿಗೂ ಮಿತಾನ್ನಿ ರಾಜ್ಯಕ್ಕೂ ಕ್ರಿ.ಪೂ. 14ನೇ ಶತಮಾನದಲ್ಲಿ ಆದ ಒಪ್ಪಂದವೊಂದಿದ್ದು, ಅದಕ್ಕೆ ಸಾಕ್ಷಿಗಳಾಗಿ ಕರೆದ ದೇವತೆಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಕುದುರೆಗಳನ್ನು ಪಳಗಿಸುವುದರ ಬಗ್ಗೆ ಮಿತಾನ್ನಿಯ ಕಿಕ್ಕುಲಿ ಎಂಬಾತ ಬರೆಸಿದ ಇನ್ನೊಂದು ಫಲಕದಲ್ಲಿ ಓಟದ ಸುತ್ತುಗಳನ್ನು ಎಣಿಸಲು ಐಕ, ತೇರ, ಪಂಜ, ಸತ್ತ ಎಂಬ ಸಂಖ್ಯೆಗಳನ್ನು ಬಳಸಲಾಗಿದೆ. ನಮ್ಮ ಕಿವಿಗೆ ಇವು ಏಕ, ತ್ರಿ, ಪಂಚ, ಸಪ್ತ. ಇವುಗಳಲ್ಲಿ ಐಕ ಎಂಬುದು ಅತ್ಯಂತ ಮಹತ್ವದ್ದು. ಇರಾನಿನ ಕಡೆಯ ಸೋದರ ಭಾಷೆಗಳಲ್ಲಿ ಒಂದು ಎಂಬುದಕ್ಕೆ ಐವ ಎಂಬ ಬೇರೆ ಪದವಿರುವುದರಿಂದ ಇದು ಇರಾನಿ ಅಲ್ಲ, ವೇದಭಾಷೆಯ ಬಳಗಕ್ಕೇ ಸೇರಿದ ನುಡಿ; ಋಗ್ವೇದದಲ್ಲಿ ಆಗಲೇ ಏಕಾರವಾಗಿರುವುದು ಇಲ್ಲಿನ್ನೂ ಐಕಾರವಾಗಿರುವುದರಿಂದ ಇದು ಋಗ್ವೇದದ ರೂಪಕ್ಕಿಂತ ಒಂದು ಹೆಜ್ಜೆ ಹಿಂದಿನದು. ದಿನಾಂಕ ತಿಳಿದಿರುವ ಮಣ್ಣಿನ ಹಲಗೆಯೊಂದು ವೇದಭಾಷೆಯ ಕಾಲವನ್ನು ತೀರಾ ಹಿಂದಕ್ಕೂ ತೀರಾ ಮುಂದಕ್ಕೂ ತಳ್ಳದಂತೆ ಹಿಡಿದು ನಿಲ್ಲಿಸಿರುವುದು ಹೀಗೆ. ವೇದವನ್ನು ಎಂಟು–ಹತ್ತು ಸಾವಿರ ವರ್ಷಗಳ ಹಿಂದಕ್ಕೆ ಒಯ್ಯುವವರು ಈ ಐಕಕ್ಕೆ ಉತ್ತರ ಹೇಳಬೇಕಾಗುತ್ತದೆ.

ತಮಿಳಿನಲ್ಲಿ ಉಳಿದು ಬಂದಿರುವ ಅತಿ ಹಳೆಯ ಸಾಹಿತ್ಯವೆಂದರೆ ಸಂಗಂ ಕಾವ್ಯ: ಎಟ್ಟುತ್ತೊಗೈ, ಪತ್ತುಪ್ಪಾಟ್ಟು ಎಂಬ ಸಂಕಲನಗಳಲ್ಲಿ ಸೇರಿರುವ 2,381 ಪದ್ಯಗಳು. ಅವುಗಳ ಕಾಲವನ್ನು ಸಾಮಾನ್ಯವಾಗಿ ಕ್ರಿ.ಪೂ. 3ನೇ ಶತಮಾನದಿಂದ ಕ್ರಿ.ಶ. 3ನೇ ಶತಮಾನದವರೆಗೆ ಎಂದು ಹೇಳುತ್ತಾರೆ. ತಾಳೆಗರಿಗಳಲ್ಲಿ ಹುದುಗಿಹೋಗಿದ್ದ ಇವನ್ನು 19ನೇ ಶತಮಾನದ ಕೊನೆಯಲ್ಲಿ ಸಿ.ವೈ. ದಾಮೋದರಂ ಪಿಳ್ಳೈ, ಉ.ವೇ. ಸ್ವಾಮಿನಾಥ ಅಯ್ಯರ್ ಮೊದಲಾದವರು ಊರೂರು ಅಲೆದು ಹುಡುಕಿ ಅಚ್ಚು ಹಾಕಿಸಿದರು; ಆ ಸಂಕಲನಗಳಲ್ಲೊಂದಾದ ಪುಱನಾನೂಱು ಅಚ್ಚಾದದ್ದು 1894ರಲ್ಲಿ. ವೇದದೊಡನೆ ಹೋಲಿಸಿದರೆ ಇದು ಸಾವಿರ ವರ್ಷಕ್ಕೂ ಹೆಚ್ಚು ಈಚಿನದು. ಹಾಗೆಂದು ಇದರ ಬೆಲೆ ಕಡಿಮೆಯಾಗುವುದಿಲ್ಲ. ಸಂಸ್ಕೃತವನ್ನು ಮಾದರಿಯಾಗಿ ಇಟ್ಟುಕೊಳ್ಳದೆ, ತನ್ನದೇ ಛಂದಸ್ಸು, ತನ್ನದೇ ಕಾವ್ಯತತ್ತ್ವ, ಅಗಂ (ಪ್ರೇಮ)–ಪುಱಂ (ಯುದ್ಧ, ಹೊರಬದುಕು) ಎಂಬ ತನ್ನದೇ ವಿಂಗಡಣೆಯೊಡನೆ ಬೆಳೆದು ನಿಂತ ಇಷ್ಟು ಹಳೆಯ ಸಾಹಿತ್ಯ ಭಾರತದ ಬೇರಾವ ದೇಶಭಾಷೆಯಲ್ಲೂ ಇಲ್ಲ. ನಮ್ಮ ಕವಿರಾಜಮಾರ್ಗ 9ನೇ ಶತಮಾನದ್ದು. ತಮಿಳರ ಅಭಿಮಾನಕ್ಕೆ ನಿಜವಾದ ಆಧಾರ ಇದು; ವಯಸ್ಸಿನ ಪೈಪೋಟಿಯಲ್ಲಿ ಅದು ಮಸುಕಾಗುತ್ತಿರುವುದು ನನಗೆ ನೋವಿನ ಸಂಗತಿ.

ಹತ್ತು ಸಾವಿರ ವರ್ಷಗಳ ತಮಿಳು ಎಂಬ ಮಾತಿಗೂ ಒಂದು ಮೂಲವಿದೆ. ಇಱೈಯನಾರ್ ಅಗಪ್ಪೊರುಳ್ ಎಂಬ ಲಕ್ಷಣಗ್ರಂಥದ ವ್ಯಾಖ್ಯಾನದಲ್ಲಿ ಮೂರು ಸಂಗಂಗಳು, ಎಂದರೆ ಕವಿಪರಿಷತ್ತುಗಳು, ಕ್ರಮವಾಗಿ 4,440, 3,700 ಮತ್ತು 1,850 ವರ್ಷ ನಡೆದವೆಂದಿದೆ. ಒಟ್ಟು 9,990 ವರ್ಷ. ಮೊದಲೆರಡು ಸಂಗಂಗಳ ನೆಲ ಕಡಲಿನಲ್ಲಿ ಮುಳುಗಿತೆಂಬ ಈ ಐತಿಹ್ಯಕ್ಕೆ ಮುಂದೆ ಲೆಮೂರಿಯ ಎಂಬ ಖಂಡದ ಕಲ್ಪನೆ ಬಂದು ಸೇರಿಕೊಂಡಿತು. 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಪ್ರಾಣಿವಿಜ್ಞಾನಿ ಲೆಮೂರ್ ಪ್ರಾಣಿಗಳ ಹಂಚಿಕೆಯನ್ನು ವಿವರಿಸಲು ಮಾಡಿಕೊಂಡಿದ್ದ ಊಹೆ ಅದು. ಭೂಖಂಡಗಳ ಚಲನೆ ತಿಳಿದಮೇಲೆ ಭೂವಿಜ್ಞಾನ ಅದನ್ನು ಕೈಬಿಟ್ಟಿತು.

ಇನ್ನು ಬೇರಿನ ಆಳ. ದ್ರಾವಿಡ ಕುಟುಂಬ ಕವಲೊಡೆಯತೊಡಗಿದ್ದು ಸುಮಾರು 4,500 ವರ್ಷಗಳ ಹಿಂದೆ ಎಂದು 20 ದ್ರಾವಿಡ ನುಡಿಗಳ ಪದಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಹೋಲಿಸಿದ 2018ರ ಅಧ್ಯಯನವೊಂದು ಅಂದಾಜಿಸಿದೆ. ಅದರಲ್ಲೇ ಈ ಸಂಖ್ಯೆ 3,000ದಿಂದ 6,500ರವರೆಗೆ ಎಲ್ಲಾದರೂ ಇರಬಹುದೆಂಬ ಅಂತರವನ್ನೂ ಕೊಡಲಾಗಿದೆ. ಇಂಡೋ–ಯುರೋಪಿಯನ್ ಕುಟುಂಬವನ್ನು ಅದಕ್ಕಿಂತ ಹಿಂದಿನದೆಂದು ಸಾಮಾನ್ಯವಾಗಿ ಲೆಕ್ಕಹಾಕುತ್ತಾರೆ. ಆದರೆ ಇದರಿಂದ ಯಾರೂ ಗೆದ್ದಂತಾಗುವುದಿಲ್ಲ. ಕುಟುಂಬ ಕವಲೊಡೆದ ಕಾಲವೆಂದರೆ ಭಾಷೆ ಹುಟ್ಟಿದ ಕಾಲವಲ್ಲ. ಮೂಲ ದ್ರಾವಿಡಕ್ಕೂ ಒಂದು ತಾಯಿಯಿದ್ದಳು, ಅವಳಿಗೂ ತಾಯಿಯಿದ್ದಳು. ತಂದೆತಾಯಿಯರಿಂದ ಕಲಿತ ಮಾತನ್ನು ಮಕ್ಕಳಿಗೆ ಕಲಿಸುತ್ತ ಬಂದ ಸರಪಳಿ ತಮಿಳಿನಲ್ಲಿ ಎಷ್ಟು ಉದ್ದವೋ ಕನ್ನಡ, ಮರಾಠಿ, ಕೊಂಕಣಿಗಳಲ್ಲೂ ಅಷ್ಟೇ ಉದ್ದ. ಸಿಂಧೂ ಕಣಿವೆಯ ಮುದ್ರೆಗಳ ಭಾಷೆ ದ್ರಾವಿಡವಾಗಿರಬಹುದೆಂದು ಆಸ್ಕೊ ಪರ್ಪೋಲ ಮತ್ತು ಐರಾವತಂ ಮಹಾದೇವನ್ ಬಲವಾಗಿ ವಾದಿಸಿದ್ದಾರೆ. ಲಿಪಿಯನ್ನು ಒಡೆದವರಿಗೆ 10 ಲಕ್ಷ ಡಾಲರ್ ಬಹುಮಾನವನ್ನು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಘೋಷಿಸಿದೆ. ಎಲ್ಲರೂ ಒಪ್ಪುವ ಓದು ಸಿಗುವವರೆಗೆ ಅದನ್ನು ಯಾವ ಭಾಷೆಯ ವಯಸ್ಸಿಗೂ ಸೇರಿಸಲಾಗದು.

ಈ ಎರಡು ಕುಟುಂಬಗಳು ಎಂದಿನಿಂದ ಒಂದರ ಮಾತು ಇನ್ನೊಂದರ ಕಿವಿಗೆ ಬೀಳುವಷ್ಟು ಹತ್ತಿರವಿದ್ದವು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಸ್ವಾರಸ್ಯಕರವೆಂದು ನನಗೆ ತೋರುತ್ತದೆ. ಋಗ್ವೇದದಲ್ಲಿ ಮಯೂರವಿದೆ, ಅದನ್ನು ತಮಿಳಿನ ಮಯಿಲ್ ಎಂಬುದರ ಬಳಗಕ್ಕೆ ಬಹುಮಂದಿ ವಿದ್ವಾಂಸರು ಸೇರಿಸುತ್ತಾರೆ. ಧಾನ್ಯ ಒಕ್ಕುವ ಜಾಗಕ್ಕೆ ಅಲ್ಲಿ ಖಲ ಎಂಬ ಪದವಿದೆ. ನಮ್ಮ ರೈತರ ಕಣ, ಹಳಗನ್ನಡದ ಕಳ, ತಮಿಳಿನ ಕಳಂ ಅದಕ್ಕೆ ಹತ್ತಿರದವು. ಇರಾನಿನ ಪ್ರಾಚೀನ ಧರ್ಮಗ್ರಂಥ ಅವೆಸ್ತಾದಲ್ಲಿ ಇಲ್ಲದ ಟ, ಡ, ಣ ಮೊದಲಾದ ಮೂರ್ಧನ್ಯಗಳು ಸಂಸ್ಕೃತದಲ್ಲಿವೆ. ಹೇಳಿದ ಮಾತಿನ ಕೊನೆಗೆ ಇತಿ ಹಚ್ಚುವ ಪದ್ಧತಿ ನಮ್ಮ ಎಂದು, ತಮಿಳಿನ ಎನ್ಱು ಇವುಗಳ ಬಳಕೆಯನ್ನು ಹೋಲುತ್ತದೆ. ಕೊಡವ, ಕೋತ, ತೋಡ ಭಾಷೆಗಳನ್ನು ಸ್ಥಳದಲ್ಲೇ ಕುಳಿತು ಅಭ್ಯಾಸ ಮಾಡಿದ ಮರ್ರೆ ಎಮೆನೋ 1956ರಲ್ಲಿ, ಬೇರೆ ಬೇರೆ ಕುಟುಂಬಗಳ ಭಾಷೆಗಳು ಒಟ್ಟಿಗೆ ಬಾಳಿ ಒಂದರಂತೊಂದು ಆದ ಪ್ರದೇಶ ಭಾರತವೆಂದು ವಿವರಿಸಿದ್ದು ಇಂಥ ಸಾಕ್ಷ್ಯಗಳಿಂದಲೇ. ಎಲ್ಲವನ್ನೂ ದ್ರಾವಿಡದ ಖಾತೆಗೆ ಬರೆಯಲಾಗದೆಂಬುದೂ ನಿಜ. ಗೂಡು ಎಂಬರ್ಥದ ನೀಡ ಶಬ್ದದ ಡಕಾರ ಸಂಸ್ಕೃತದ ಒಳಗಿನ ಧ್ವನಿಬದಲಾವಣೆಯಿಂದಲೇ ಹುಟ್ಟಿದ್ದು. ಭಾಷಾವಿಜ್ಞಾನಿ ಕೈಪರ್ ಅವರು ಋಗ್ವೇದದಲ್ಲಿ ಗುರುತಿಸಿದ 383 ಅನ್ಯಮೂಲದ ಪದಗಳಲ್ಲಿ ಮುಂಡಾ ಕುಟುಂಬದವೂ, ಯಾವ ಕುಟುಂಬಕ್ಕೂ ಸೇರದವೂ ಇವೆ. ಇಷ್ಟಂತೂ ಸ್ಪಷ್ಟ: ವೇದದ ಕವಿಗಳು ಹಾಡುತ್ತಿದ್ದಾಗ ಈ ನೆಲದಲ್ಲಿ ಬೇರೆ ಭಾಷೆಗಳನ್ನಾಡುವ ಜನ ನೆರೆಯಲ್ಲೇ ಇದ್ದರು. ಅತ್ತ ತಮಿಳಿನ ಹಳೆಯ ವ್ಯಾಕರಣಗ್ರಂಥವಾದ ತೊಲ್ಕಾಪ್ಪಿಯಂ ತಮಿಳಿನ ಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ವಡಚೊಲ್, ಅಂದರೆ ಬಡಗಣ ಮಾತು, ಎಂಬುದಕ್ಕೊಂದು ಸ್ಥಾನ ಕೊಟ್ಟು, ಅದನ್ನು ತಮಿಳಿನ ಅಕ್ಷರಗಳಿಗೆ ಹೇಗೆ ಹೊಂದಿಸಬೇಕೆಂಬ ನಿಯಮವನ್ನೂ ಹೇಳುತ್ತದೆ.

ತಮಿಳು ಜೀವಂತ, ಸಂಸ್ಕೃತ ಅಲ್ಲ ಎಂಬ ವಾದವನ್ನೂ ಚಿಕ್ಕದಾಗಿ ನೋಡಬಹುದು. 2011ರ ಜನಗಣತಿಯಲ್ಲಿ ತಮಿಳನ್ನು ಮಾತೃಭಾಷೆಯೆಂದವರು 6.9 ಕೋಟಿ, ಸಂಸ್ಕೃತವನ್ನು ಹಾಗೆಂದವರು 24,821. ಈ ಅಂತರ ನಿಜ. ಆದರೆ ಇಂದಿನ ತಮಿಳರಿಗೂ ಪುಱನಾನೂಱನ್ನು ವ್ಯಾಖ್ಯಾನವಿಲ್ಲದೆ ಓದುವುದು ಕಷ್ಟ, ನಮಗೆ ಪಂಪನನ್ನು ಓದುವುದಕ್ಕಿಂತಲೂ ಕಷ್ಟ. ಅತ್ತ ವೇದದ ಲೇಟ್ ಲಕಾರ ಎಂಬ ಕ್ರಿಯಾರೂಪ ಕಾಳಿದಾಸನ ವೇಳೆಗೆ ಪೂರ್ತಿ ಅಳಿದಿತ್ತು. ಹೆಸರು ಉಳಿದರೂ ಭಾಷೆ ಹರಿಯುತ್ತಲೇ ಇರುತ್ತದೆ.

ಪುದುಕೋಟೆಯ ಹತ್ತಿರದ ಸಿತ್ತನ್ನವಾಸಲ್ ಬೆಟ್ಟದಲ್ಲಿ ಜೈನ ಮುನಿಗಳ ಕಲ್ಲುಹಾಸಿಗೆಗಳಿರುವ ಒಂದು ಗುಹೆಯಿದೆ. ಅಲ್ಲಿ ಸುಮಾರು ಕ್ರಿ.ಪೂ. 1ನೇ ಶತಮಾನದ ತಮಿಳು–ಬ್ರಾಹ್ಮಿ ಬರಹವೊಂದನ್ನು ಐರಾವತಂ ಮಹಾದೇವನ್ ಓದಿದ್ದಾರೆ. ಎರುಮಿ ನಾಡಿನ ಕುಮುೞೂರಿನಲ್ಲಿ ಹುಟ್ಟಿದ ಕಾವುಟಿಗೆ ಇಳಯರ್ ಎಂಬಾತ ಮಾಡಿಸಿಕೊಟ್ಟ ಆಸನವಿದು ಎಂಬುದು ಅದರ ತಾತ್ಪರ್ಯ. ಎರುಮಿ ಎಂದರೆ ಎಮ್ಮೆ. ಎರುಮಿ ನಾಡೆಂದರೆ ಮಹಿಷಮಂಡಲ, ಇಂದಿನ ಮೈಸೂರು ಸೀಮೆ ಎಂದು ಅವರು ಅರ್ಥೈಸುತ್ತಾರೆ. ತಮಿಳಿನಲ್ಲಿ ಎರುಮೈ ಎಂದಿರಬೇಕಾದ ಪದ ಇಲ್ಲಿ ಎರುಮಿ ಎಂದಿರುವುದರಲ್ಲಿ, ಹಾಗೆಯೇ ಕಾವುಟಿ ಎಂಬ ಹೆಸರಿನಲ್ಲಿ, ಅವರು ಕನ್ನಡದ ಛಾಯೆಯನ್ನು ಕಂಡಿದ್ದಾರೆ. ಮಾಡಿದ ಎಂಬರ್ಥದ ಪದ ಅಲ್ಲಿ ಚೆಯ್ತ ಎಂದಿದೆ, ತಮಿಳಿನ ಕಕಾರ ಆ ಹೊತ್ತಿಗೆ ಚಕಾರವಾಗಿಬಿಟ್ಟಿದೆ. ಆ ಮುನಿ ತನ್ನ ಊರಿನಲ್ಲಿ ಅದನ್ನು ಕಕಾರದಿಂದಲೋ ಗಕಾರದಿಂದಲೋ ಹೇಳುತ್ತಿದ್ದಿರಬೇಕು. ಆಸನಕ್ಕೆ ಬಳಸಿರುವ ಅತಿಟಾನಂ ಎಂಬ ಪದ ಸಂಸ್ಕೃತದ ಅಧಿಷ್ಠಾನ, ಪ್ರಾಕೃತದ ದಾರಿಯಿಂದ ಬಂದದ್ದು. ಇಷ್ಟೆಲ್ಲವೂ ಬಂಡೆಯ ಮೇಲಿನ ಆ ಒಂದೇ ಚಿಕ್ಕ ಬರಹದಲ್ಲಿದೆ.